ಚರಗದ ದಿನ ಕೊಯ್ದ ತೆನೆಗಳು

ಮಾಗಳದ ಬೀಜ ಕೇಂದ್ರದಲ್ಲಿ ಗೋಧಿ ತಳಿ ಬೆಳೆಸುವ ದುರ್ಗಾ ಕೂಡ್ಲಿಗಿಯ ನಮ್ಮ ಮನೆಗೆ ಬಂದಾಗ ಅವಳ ಕೈಯಲ್ಲಿ ತೆನೆಯಿಲ್ಲದ ಗೋಧಿ ದಂಟೊಂದಿತ್ತು. "ಟೀಚರ್, ನನ್ನ ಗೋಧಿ ಮಡಿಯಾಗ ಒಂದು ತೆನಿನೂ ಉಳಿದಿಲ್ರಿ. ಮ್ಯಾಕಿ ತಿಂದಾವ ಅಂತ ಕಾವಲುಗಾರ ಓಬಣ್ಣನ್ನ ಕೆಲಸದಿಂದ ತಗದಾರ."

ಟೀಚರ್ ಎಂದರೆ ನನ್ನ ಅತ್ತಿಗೆ ದಾಕ್ಷಾಯಣಮ್ಮ. ನಿವೃತ್ತಿಯಾದ ಮೇಲೆ ಊರವರ ಕಳವು, ಸುಳ್ಳು ಪತ್ತೆಹಚ್ಚುವುದೇ ಆಕೆಯ ಚಟ; ಚೀಲ ಹಿಡಿದು ಹಿಂದೆ ತಿರುಗುವುದು ನನ್ನ ಪಾಲು.

ಮಾಗಳದ ಬಸ್ಸಿನಲ್ಲಿ ದುರ್ಗಾ ವಿವರಿಸಿದಳು. ರೈ ಎಂಬ ಚಳಿದೇಶದ ಧಾನ್ಯದ ಒಂದು ವರ್ಣತಂತುವನ್ನು ಅವಳು ವರ್ಷಗಟ್ಟಲೆ ಕಷ್ಟಪಟ್ಟು ಗೋಧಿಗೆ ಸೇರಿಸಿದ್ದಳು. ಆ ಗಿಡಗಳಿಗೆ ತುಕ್ಕು ರೋಗ ಹತ್ತುವುದಿಲ್ಲ. ತೆನೆಯ ಕೆಳಗೆ, ಕುತ್ತಿಗೆಯಲ್ಲಿ ಸಣ್ಣ ರೋಮ ಇರುತ್ತದೆ; ಬೇರೆ ಗೋಧಿಗೆ ಅದಿಲ್ಲ. ಇದ್ದ ಬೀಜವನ್ನೆಲ್ಲ ಈ ಸಲ ಬಿತ್ತಿಬಿಟ್ಟಿದ್ದಳು.

ಬೀಜ ಕೇಂದ್ರದ ಮುಖ್ಯಸ್ಥ ಪ್ರವೀಣಕುಮಾರ್ ಹಲ್ಲಿನಲ್ಲಿ ಕಡ್ಡಿಯಾಡಿಸುತ್ತ ಬಂದ. "ಎಳ್ಳಮಾಸಿ ದಿನ ಓಬಣ್ಣ ತನ್ನ ಹೊಲಕ್ಕ, ಭೂಮಿತಾಯಿಗೆ ಎಡಿ ಅಂತ ಚರಗ ಚೆಲ್ಲಾಕ ಹೋಗ್ಯಾನ್ರಿ, ಗೇಟು ತೆರೆದಿಟ್ಟು. ದುರ್ಗಾನೂ ಊರಿಗೆ ಹೋಗಿದ್ಲು. ನಾವು ಅತಿಥಿಗಳ ಜೊತಿ ಆಚಿ ಬೇವಿನ ಗಿಡದ ಕೆಳಗ ಊಟಕ್ಕ ಕುಂತಿದ್ವಿ."

ಸುತ್ತಲಿನ ಮಡಿಗಳಲ್ಲಿ ನಡೆದಾಗ ನನ್ನ ಸೀರೆಗೆಲ್ಲ ಕಿತ್ತಳೆ ಬಣ್ಣದ ತುಕ್ಕಿನ ಪುಡಿ ಮೆತ್ತಿತು. ಅಸಹ್ಯವಾಯಿತು. ದುರ್ಗಾಳ ದಂಟುಗಳು ಮಾತ್ರ ಸ್ವಚ್ಛ. ಎಲೆಗಳೆಲ್ಲ ಹಾಗೇ ಇದ್ದವು, ದಂಟಿನ ತುದಿಯನ್ನು ಓರೆಯಾಗಿ ಕೊಯ್ಯಲಾಗಿತ್ತು. ಬೇವಿನ ಕೆಳಗೆ ಬೂದಿ ಕಂಡು ಅತ್ತಿಗೆ ಕೇಳಿದಳು, "ಇಲ್ಲಿ ಏನು ಸುಟ್ರಿ?"

"ಹಸಿ ಗೋಧಿ ತೆನಿರಿ. ಹರಪನಹಳ್ಳಿಯಿಂದ ತರಿಸಿದ್ದೆ."

ಆಕೆ ಬೂದಿಯ ಪಕ್ಕ ಬಿದ್ದಿದ್ದ ದಂಟಿನ ತುಂಡುಗಳನ್ನು ಆರಿಸಿಕೊಂಡು, ಎಲ್ಲರನ್ನೂ ಕರೆಸಿದಳು. ಓಬಣ್ಣ ದೂರದಲ್ಲೇ ನಿಂತ. ಅತ್ತಿಗೆ ಶುರುಮಾಡಿದಳು.

"ಮ್ಯಾಕಿ ಎಲಿ ಬಿಟ್ಟು ತೆನಿ ಅಷ್ಟ ತಿನ್ನೂದಿಲ್ಲ, ಓರೆಯಾಗಿ ಕೊಯ್ಯೂದೂ ಇಲ್ಲ. ಬೀಜದ ಕಳ್ಳ ಇನ್ನೂ ಬಲಿಯದ ಹಾಲುಗಾಳು ಒಯ್ಯೂದಿಲ್ಲ, ಅದು ಮೊಳಿಯಂಗಿಲ್ಲ. ಗೇಣುದ್ದ ದಂಟು ಸಮೇತ ಹಸಿ ತೆನಿ ಕೊಯ್ಯೋದು ಹಿಡಕೊಂಡು ಸುಡಾಕ. ತುಕ್ಕು ಹತ್ತಿದ್ದನ್ನ ಅತಿಥಿಗಳ ಮುಂದ ಇಡಾಕ ಬರಂಗಿಲ್ಲ. ಚೊಕ್ಕ ಇದ್ದದ್ದು ಈ ಮಡಿ ಒಂದ. ತಿಂದವರು ದಂಟಿನ ಹಿಡಿಕಿ ಇಲ್ಲೇ ಒಗದಾರ. ಮುಟ್ಟಿ ನೋಡ್ರಿ ಪ್ರವೀಣಕುಮಾರ್. ಕುತ್ತಿಗ್ಯಾಗ ರೋಮ ಐತಿ. ಇದು ಹರಪನಹಳ್ಳಿ ಗೋಧಿ ಅಲ್ಲ."

ಆತ ಮುಟ್ಟಲಿಲ್ಲ. "ನಾಲ್ಕು ತೆನಿಗೆ ಎಷ್ಟು ರಂಪ ಮಾಡ್ತೀರಿ. ಊಟಕ್ಕ ಬಂದ ಸಾಹೇಬ್ರು ಹಸಿ ಗೋಧಿ ಕೇಳಿದ್ರು, ನನ್ನ ಚಾವಿಲೆ ಗೇಟು ತಗದು ಕೊಯ್ದೆ. ಆಮ್ಯಾಲೆ ಹೆಸರು ಬರಬಾರದು ಅಂತ ಮ್ಯಾಕಿ ಅಂದೆ."

ದುರ್ಗಾಳ ಇಷ್ಟು ವರ್ಷದ ದುಡಿಮೆಯನ್ನು ಚಟ್ನಿಪುಡಿ ಹಚ್ಚಿಕೊಂಡು ತಿಂದು, ಬಡವನ ಅನ್ನವನ್ನೂ ಕಿತ್ತುಕೊಂಡಿದ್ದ. ಅಷ್ಟರಲ್ಲಿ ಮಡಿಯಲ್ಲಿ ಕುಕ್ಕರಿಸಿದ್ದ ದುರ್ಗಾ, ಬುಡದಿಂದ ತಡವಾಗಿ ಒಡೆದ ಮರಿದಂಟೊಂದರ ಎಳೆ ತೆನೆಯ ಕುತ್ತಿಗೆ ಸವರಿ ಅಳತೊಡಗಿದಳು. ರೋಮವಿತ್ತು; ಬೀಜಕ್ಕೆ ಒಂದು ತೆನೆ ಉಳಿದಿತ್ತು.

"ಓಬಣ್ಣ, ನಾಳಿಯಿಂದ ಕೆಲಸಕ್ಕ ಬಾ," ಎಂದ ಪ್ರವೀಣಕುಮಾರ್, ಉಪಕಾರ ಮಾಡುವವನಂತೆ.

ಓಬಣ್ಣ ಆತನ ಕಡೆ ನೋಡಲಿಲ್ಲ. "ಬರ್ತೀನವ್ವ," ಎಂದ ದುರ್ಗಾಗೆ. "ಆದ್ರ ಗೇಟಿನ ಚಾವಿ ಇವರ ಕೈಯಾಗ ಇರಬಾರದು."