ಬಾದಾಮಿಯ ಜಾಡಿ

ಭಾನುವಾರ ಬೆಳಿಗ್ಗೆ ಕೊಲ್ಲಿ ನಾಡಿನ ರೂವಿಯ ಪೊಲೀಸ್ ಠಾಣೆಗೆ ದೂರು ತಂದವನು ದಲ್ಬ್ರೆ ಮಿಠಾಯಿ ಅಂಗಡಿಯ ಮ್ಯಾನೇಜರ್ ಕ್ಲೇಟನ್. ಫ್ರೆಂಚ್ ಕುಟುಂಬವೊಂದು ಮುತ್ತಜ್ಜನ ಕಾಲದಲ್ಲಿ ತೆರೆದ ಅಂಗಡಿಯದು. ಇಂದಿಗೂ ಹೆಸರು ಬರೆಯದ ಗಾಜಿನ ಜಾಡಿಗಳು, ಗಿರಾಕಿಗಳೇ ತುಂಬಿಕೊಳ್ಳುವ ಕಾಗದದ ಪೊಟ್ಟಣ. ಆ ಹಳೇತನವೇ ಅವರ ಜಂಬ. ಹಿಂದಿನ ಗುರುವಾರ ಒಂದು ಜಾಡಿಗೆ ಯಾರೋ ಫಿನಾಯಿಲ್ ಸುರಿದಿದ್ದರು, ತಿಂಗಳಲ್ಲಿ ಮೂರನೇ ಸಲ.

"ಯಾರಾದರೂ ತಿಂದರಾ?" ಇನ್‌ಸ್ಪೆಕ್ಟರ್ ಹಮೂದ್ ಹಿಂದಿಯಲ್ಲಿ ಕೇಳಿದರು.

"ಇಲ್ಲ ಸರ್. ಮುಚ್ಚಳ ತೆಗೆದ್ರೆ ಸಾಕು, ಮೂಗಿಗೆ ಹೊಡೀತದೆ."

"ಅನುಮಾನ?"

"ಎದುರಿನ ಬೇಕರಿಯವನ ಮೇಲೆ."

ದೂರು ದಾಖಲಾಯಿತು, ಮಹಜರು ನಡೆಯಿತು. ಬೇಕರಿಯವನು ಆಣೆ ಹಾಕಿ ಹಮೂದರ ತಲೆ ತಿಂದನೇ ಹೊರತು ಅವನಲ್ಲಿ ಏನೂ ಸಿಗಲಿಲ್ಲ. ಅಷ್ಟು ಜಾಡಿಗಳಿದ್ದರೂ ಪ್ರತಿ ಸಲ ಕೆಟ್ಟದ್ದು ಒಂದೇ: ಬಿಳಿ ಸಕ್ಕರೆ ಲೇಪಿಸಿದ ಬಾದಾಮಿಯದು. ಯಾರನ್ನಾದರೂ ಕೊಲ್ಲಬೇಕೆಂದಿದ್ದವರು ಇಷ್ಟು ನಾರುವುದನ್ನು ಸುರಿಯುತ್ತಿರಲಿಲ್ಲ ಎಂಬುದು ಹಮೂದರ ಮನಸ್ಸನ್ನು ಕೊರೆಯಿತು. ಸಿಸಿಟಿವಿಯಲ್ಲಿ ಮೂರೂ ಸಲ, ಶುಕ್ರವಾರದ ರಜೆಯ ಹಿಂದಿನ ಗುರುವಾರದಂದೇ, ಅದೇ ಒಬ್ಬ ಹೆಂಗಸು ಆ ಜಾಡಿಯ ಮುಂದೆ ನಿಂತಿದ್ದಳು. ಏನನ್ನೂ ಕೊಂಡಿರಲಿಲ್ಲ; ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

ಮುಂದಿನ ಗುರುವಾರ ಹಮೂದ್ ಮತ್ತು ಠಾಣೆಯ ದುಭಾಷಿ, ಉಳ್ಳಾಲದ ಸುಹರಾ, ಗಿರಾಕಿಗಳಂತೆ ನಿಂತರು. ಹೆಂಗಸು ಬಂದಳು. ಅವಳು ಬ್ಯಾಗಿನಿಂದ ಬಾಟಲಿ ತೆಗೆಯುತ್ತಿದ್ದಂತೆಯೇ ಸುಹರಾ ಕೈ ಹಿಡಿದಳು.

ಹೆಸರು ಕುಸುಮ, ಊರು ಮೂಲ್ಕಿ. ಠಾಣೆಗೆ ಕ್ಲೇಟನ್‌ನನ್ನೂ ಕರೆಸಿದ್ದರು; ಹಮೂದರ ಪ್ರಶ್ನೆಗಳನ್ನು ಸುಹರಾಳೇ ಕನ್ನಡಕ್ಕೆ ತಂದಳು.

"ಅಂಗಡಿಯವರ ಮೇಲೆ ಎಂತ ದ್ವೇಷ?"

"ದ್ವೇಷ ಇಲ್ಲ ಅಕ್ಕ. ನನ್ನ ಮಗಳು ತೃಷಾಳಿಗೆ ಬಾದಾಮಿ ಆಗ್ತಿರ್ಲಿಲ್ಲ, ಅಲರ್ಜಿ. ಶಾಲೆಯಲ್ಲಿ ಸಹ ಹೇಳಿ ಇಟ್ಟಿದ್ದೆ. ರಜೆಯಲ್ಲಿ ಹಳೇ ಅಂಗಡಿ ನೋಡುವ ಅಂತ ಕರ್ಕೊಂಡು ಬಂದೆ. ಬೆಳ್ಳಗೆ ಇತ್ತು, ಬರೀ ಸಕ್ಕರೆ ಅಂತ ಎಣಿಸಿದೆ."

"ಮತ್ತೆ?"

"'ಮಮ್ಮಿ, ಕ್ಯಾನ್ ಐ?' ಅಂತ ಕೇಳಿದ್ಲು. ತಿನ್ನು ಮಗಾ ಅಂದೆ. ಆಸ್ಪತ್ರೆ ಮುಟ್ಟುವ ಮೊದಲೇ ಹೋದ್ಲು."

ಸುಹರಾ ಅದನ್ನು ಹಮೂದರಿಗೆ ಅರಬ್ಬಿಯಲ್ಲಿ ಹೇಳಿದಳು.

ಹಮೂದ್ ಕ್ಲೇಟನ್‌ನತ್ತ ತಿರುಗಿದರು. "ಇವರು ನಿಮಗೆ ಹೇಳಿರಲಿಲ್ಲವೇ?"

"ಎರಡು ಸಲ ಬಂದಿದ್ರು ಸರ್, ಜಾಡಿಗೆ 'ಬಾದಾಮಿ' ಅಂತ ಒಂದು ಚೀಟಿ ಅಂಟಿಸಿ ಅಂತ. ಅಂಗಡಿಯ ಚಂದ ಹಾಳಾಗ್ತದೆ ಅಂದ್ರು ಯಜಮಾನ್ರು." ಅವನು ತಲೆ ಎತ್ತಲಿಲ್ಲ. "ದೂರು ವಾಪಸ್ ತೆಗೀಬಹುದಾ?"

"ಜನರು ತಿನ್ನುವ ವಸ್ತು. ನನ್ನ ಕೈಯಲ್ಲಿಲ್ಲ."

ಕುಸುಮಳ ಬಂಧನವಾಯಿತು. ಮಹಿಳಾ ಪೇದೆ ಎಬ್ಬಿಸಿದಾಗ ಅವಳು ತಕರಾರಿಲ್ಲದೆ ಎದ್ದಳು. ಬಾಗಿಲ ಬಳಿ ಮಾತ್ರ ನಿಂತು ಕ್ಲೇಟನ್‌ನನ್ನು ನೋಡಿದಳು.

"ಇವತ್ತು ಹಾಕ್ಲಿಕ್ಕೆ ಆಗ್ಲಿಲ್ಲ. ಸಂಜೆ ಮಕ್ಕಳು ಬರ್ತಾರೆ ಮಾರಾಯ್ರೆ."