ಹಾವಿಲ್ಲದ ರಾಜ್ಯದ ಹಾವಿನ ಕಡಿತ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಸಿರಿಗಲ್ಲು ಎಂಬ ರಾಜ್ಯವಿತ್ತು. ಅಲ್ಲಿ ಹುಡುಕಿದರೂ ಒಂದು ಹಾವೂ ಇರಲಿಲ್ಲ. ಆದರೂ ವಾರಕ್ಕೊಬ್ಬರು ಹಾವು ಕಚ್ಚಿ ಸಾಯುತ್ತಿದ್ದರು!

ಇದೆಲ್ಲ ಮಾಂತ್ರಿಕ ಧೂಮಕನ ಕಿತಾಪತಿ. ಕದ್ದುಮುಚ್ಚಿ ಅಮಲಿನ ನೀಲಿಜೇನು ಹಂಚುವವನು ಅವನೇ. ಅದನ್ನು ಕುಡಿದೆ ಎಂದೋ ಕುಡಿದವರ ಜೊತೆಗಿದ್ದೆ ಎಂದೋ ಒಪ್ಪಿಕೊಂಡವರು ಕಲ್ಲಾಗಲಿ ಎಂದು ರಾಜನಿಂದ ಕಟ್ಟಳೆ ಮಾಡಿಸಿದವನೂ ಅವನೇ. ಹಾಗಾಗಿ ಜೇನು ಹೆಚ್ಚಾಗಿ ಯಾರಾದರೂ ಬಿದ್ದರೆ, ಜನ ವೈದ್ಯೆಯ ಬಳಿ “ಹಾವು ಕಚ್ಚಿತು” ಎನ್ನುತ್ತಿದ್ದರು. ಪಾಪ, ಅವಳು ಹಾವಿನ ಮದ್ದು ಕೊಡುತ್ತಿದ್ದಳು. ರಾಜನ ಒಬ್ಬನೇ ಮಗನೂ ಹಾಗೆಯೇ ಹೋಗಿದ್ದ.

ಒಂದು ದಿನ ದೋಣಿ ನಡೆಸುವ ಬೊಮ್ಮನೂ ಅವನ ಗೆಳೆಯ ಕೆಂಚನೂ ಹೊಳೆದಂಡೆಯಲ್ಲಿ ನಾಲ್ಕಾರು ಜನರ ಜೊತೆ ಕೂತು ನೀಲಿಜೇನು ಕುಡಿದರು. ಬೊಮ್ಮ ಒಂದು ಗುಟುಕು, ಕೆಂಚ ಇಡೀ ಸೋರೆಬುರುಡೆ. ಕೆಂಚನ ಉಸಿರು ಸಣ್ಣಗಾಯಿತು. ಜೊತೆಗಿದ್ದವರು ಕಾಲಿಗೆ ಬುದ್ಧಿ ಹೇಳಿದರು. ಬೊಮ್ಮ ಮಾತ್ರ ಗೆಳೆಯನನ್ನು ತೋಳಲ್ಲಿ ಎತ್ತಿಕೊಂಡು ವೈದ್ಯೆಯ ಮನೆಗೆ ಓಡಿದ. ಅವನಿಗೂ ಭಯವಿತ್ತು.

ಆ ಮನೆಗೆ ಮೂರು ಬಾಗಿಲು. ಮೊದಲನೆಯದನ್ನು ಧೂಮಕನ ಕಾಗೆ ಕಾಯುತ್ತಿತ್ತು.

“ಏನಾಯ್ತೋ? ಹಾವು ಅನ್ನು, ಬಿಟ್ಬಿಡ್ತೀನಿ.”

“ಹಾವಲ್ಲ, ಜೇನು. ನಾನೂ ಕುಡಿದೀನಿ.”

ಬೊಮ್ಮನ ತೋಳು ಕಲ್ಲಾಯಿತು. ಒಳ್ಳೆಯದೇ ಆಯಿತು, ಕೆಂಚ ಇನ್ನು ಜಾರಿ ಬೀಳುವಂತಿರಲಿಲ್ಲ.

ಎರಡನೆಯ ಬಾಗಿಲಲ್ಲಿ ಹುಲಿ. “ಹಾವು ಅನ್ನು.”

“ಹಾವಲ್ಲ, ಜೇನು.”

ಬೆನ್ನೂ ಹೊಟ್ಟೆಯೂ ಕಲ್ಲಾದವು.

ಮೂರನೆಯದರಲ್ಲಿ ಆನೆಸೊಂಡಿಲಿನ ಸಿಂಹ, ಯಾಳಿ. “ಲೋ ಮಂಕೇ, ಇನ್ನೇನು ಉಳಿದಿದೆ ನಿಂಗೆ? ಹಾವು ಅನ್ನೋ!”

ಬೊಮ್ಮ ಊರಿಗೆಲ್ಲ ಕೇಳುವಂತೆ ಕೂಗಿದ: “ವೈದ್ಯಮ್ಮಾ! ಹಾವಲ್ಲ, ನೀಲಿಜೇನು!”

ಕೂಗು ಮುಗಿಯುವಷ್ಟರಲ್ಲಿ ಅವನು ಪೂರ್ತಿ ಕಲ್ಲಾಗಿದ್ದ.

ವೈದ್ಯೆ ಸರಿಯಾದ ಮದ್ದು ಹಿಡಿದು ಓಡಿಬಂದಳು. ಕಲ್ಲಿನ ತೋಳಿನಲ್ಲೇ ಕೆಂಚ ಕೆಮ್ಮಿದ, ಕಣ್ಣು ಬಿಟ್ಟ. ಗೆಳೆಯನ ಮುಖ ನೋಡಿ ಗೊಳೋ ಎಂದು ಅತ್ತ.

ಕೂಗು ಅರಮನೆಗೂ ಮುಟ್ಟಿತ್ತು. ರಾಜ ಬರಿಗಾಲಲ್ಲಿ ಬಂದ.

“ವೈದ್ಯೆ, ಹಾಗಾದ್ರೆ ನನ್ನ ಮಗ…?”

“ನಂಗೂ ಹಾವು ಅಂದ್ರು, ಪ್ರಭು. ಜೇನು ಅಂದಿದ್ರೆ ಉಳಿಸ್ತಿದ್ದೆ.”

ರಾಜ ಬೊಮ್ಮನ ಕಲ್ಲಿನ ಪಾದ ಹಿಡಿದು ಕಣ್ಣೀರಿಟ್ಟ. ಆಮೇಲೆ ಎದ್ದು ನಿಂತು ಗಟ್ಟಿಯಾಗಿ ಸಾರಿದ: “ಜೀವ ಉಳಿಸಿ ಎಂದು ಕೂಗಿದವರಿಗೆ ಅಭಯ! ಆ ಕೂಗು ಯಾರಿಗಾಗಿಯೋ ಅವರಿಗೂ ಅಭಯ! ಇಬ್ಬರನ್ನೂ ಯಾರೂ ಮುಟ್ಟಕೂಡದು!”

ಬೊಮ್ಮನ ಮೈಯಿಂದ ಕಲ್ಲು ಕಳಚಿ ಉದುರಿತು. ರಾಜ್ಯದ ತುಂಬ ಕಲ್ಲಾಗಿ ನಿಂತವರೆಲ್ಲ ಮೈಮುರಿದು ಮನೆ ಕಡೆ ನಡೆದರು. ಹಾವಿನ ಸುಳ್ಳನ್ನೇ ಉಂಡು ಕೊಬ್ಬಿದ್ದ ಧೂಮಕ ಸಣ್ಣಗಾಗುತ್ತ, ಸಣ್ಣಗಾಗುತ್ತ, ಕೊನೆಗೆ ತಾನೇ ಹಾವಾಗಿ ಗಡಿ ದಾಟಿ ಹರಿದು ಹೋದ.

ಕೆಂಚ ಬೊಮ್ಮನ ದೋಣಿಗೆ ಹುಟ್ಟು ಹಾಕುತ್ತ ಮುದುಕನಾದ. ಸಿರಿಗಲ್ಲಿನಲ್ಲಿ ಎಲ್ಲರೂ ಸುಖವಾಗಿದ್ದರು. ಹಾವು ಕಚ್ಚಿ ಅಲ್ಲಿ ಮತ್ತೆ ಯಾರೂ ಸಾಯಲಿಲ್ಲ.