ಕೆಸರಿಲ್ಲದ ಕೊಳವೆ

“ಹನ್ನೊಂದನೇ ಕೊಳವೆದು ಏನಾಯ್ತು?”

ಅವನು ತಲೆ ಎತ್ತಲಿಲ್ಲ. “ಇನ್ನೂ ನೋಡ್ತಾ ಇದೀನಿ...”

ಸುಳ್ಳು! ಫಲಿತಾಂಶ ಮೊನ್ನೆಯೇ ಬಂದದ್ದು ಅವಳಿಗೆ ಗೊತ್ತಿತ್ತು.

ಕೆರೆಯ ತಳದ ಕೆಸರನ್ನು ಪದರ ಪದರವಾಗಿ ತೆಗೆಯುವುದು ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ‘ಕೆಸರಕ್ಕ’. ಕೆಸರಿನಲ್ಲಿ ಉಳಿದ ಡಿಎನ್‌ಎ ಚೂರುಗಳನ್ನು ಕಂಪ್ಯೂಟರಿನಲ್ಲಿ ಓದಿ, ಸಾವಿರಾರು ವರ್ಷಗಳ ಹಿಂದೆ ದಡದಲ್ಲಿ ಯಾವ ಮರವಿತ್ತು, ಯಾವ ಪ್ರಾಣಿ ನೀರಿಗೆ ಬರುತ್ತಿತ್ತು ಎಂದು ಹೇಳುವವನು ಈ ‘ಕನ್ನಡಕ’.

ಮೂರು ವರ್ಷಗಳಿಂದ ಅವಳು ಊಹಿಸಿದ್ದೆಲ್ಲ ಅವನ ಓದಿನಲ್ಲಿ ನಿಜವಾಗುತ್ತಿತ್ತು. ಕಾಡು ಅಂದರೆ ಕಾಡು, ಜಿಂಕೆ ಅಂದರೆ ಜಿಂಕೆ.

“ಅವನು ನಿನ್ನ ನೋಡೋ ನೋಟಕ್ಕೆ, ಆನೆ ಬೇಕು ಅಂದ್ರೂ ಕೆಸರಲ್ಲಿ ಆನೆ ಹುಟ್ಟಿಸ್ತಾನೆ ಕಣೇ!” ಎಂದು ಮನೆಯಲ್ಲಿ ಅವಳ ಅಕ್ಕ ನಕ್ಕಿದ್ದಳು.

ಅಕ್ಕನಿಗದು ತಮಾಷೆ. ಇವಳಿಗೆ ಕಾಲಲ್ಲಿ ಮುರಿದ ಮುಳ್ಳು. ನನ್ನ ಮೆಚ್ಚಿಸಲಿಕ್ಕೇ ಬರೆದನೇ? ಹಾಗಿದ್ದರೆ ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ... ಮನಸ್ಸು ಕೊಟ್ಟದ್ದೂ!

ಕೆಸರಿಲ್ಲದ ಒಂದು ಕೊಳವೆಯನ್ನು ಗುರುತು ಹಾಕಿ ಜೊತೆಗಿಡುವುದು ಅಲ್ಲಿನ ವಾಡಿಕೆ. ಅದರಲ್ಲಿ ಏನಾದರೂ ಕಂಡರೆ ಅದು ಕೆರೆಯದಲ್ಲ, ನಮ್ಮ ಕೈಯಿಂದಲೇ ಸೇರಿದ ಕೊಳೆ ಎಂದರ್ಥ. ಈ ಸಲ ಅವಳು ಗುಟ್ಟಾಗಿ ಹನ್ನೊಂದನೇ ಕೊಳವೆಗೂ ಬರೀ ನೀರು ತುಂಬಿ, ‘ಅತಿ ಹಳೆಯ ಪದರ’ ಎಂದು ಬರೆದಿದ್ದಳು. “ಇದ್ರಲ್ಲಿ ದಟ್ಟ ಕಾಡು ಸಿಗುತ್ತೆ ನೋಡ್ತಿರಿ,” ಎಂದು ಆಸೆಯನ್ನೂ ತೋರಿಸಿದ್ದಳು.

ಸಂಜೆ ಅವನೇ ಅವಳ ಮೇಜಿನ ಹತ್ತಿರ ಬಂದ. ಕೈಯಲ್ಲಿ ಹಾಳೆ.

ತಂದ, ಕಾಡು ಬೆಳೆಸಿಕೊಂಡೇ ತಂದ...

“ಕ್ಷಮಿಸಿ. ಆರು ಸಲ ಓದಿದೆ. ಒಂದು ಹುಲ್ಲುಕಡ್ಡಿನೂ ಇಲ್ಲ. ನಿಮಗೆ ಹೇಳೋಕೆ ಎರಡು ದಿನದಿಂದ ಬಾಯೇ ಬರ್ತಿಲ್ಲ.”

ಅವಳ ಕಣ್ಣು ತುಂಬಿತು. “ಅದ್ರಲ್ಲಿ ಇದ್ದಿದ್ದು ಬರೀ ನೀರು. ನಾನೇ ಹಾಕಿದ್ದು... ನಿಮ್ಮನ್ನ ಪರೀಕ್ಷೆ ಮಾಡೋಕೆ.”

ಅವನ ಮುಖ ಬಾಡಿತು. “ನನ್ನ ಮೇಲೆ ಅಷ್ಟೂ ನಂಬಿಕೆ ಇರ್ಲಿಲ್ವಾ?”

“ನೀವು ನನ್ನ ಇಷ್ಟಪಡ್ತೀರಿ ಅನ್ನಿಸ್ತು. ಅದಕ್ಕೇ ಅನುಮಾನ ಬಂತು.”

“ಇಷ್ಟಪಡ್ತೀನಿ! ಹಾಗಂತ ಇಲ್ಲದ ಮರ ನೆಡೋಕೆ ನಾನೇನು ಮಾಲಿನಾ?”

ಅವನು ಹೊರಟೇಬಿಟ್ಟ. ಅವಳು ಓಡಿ ಬಾಗಿಲಿಗೆ ಅಡ್ಡ ನಿಂತಳು.

“ಹೋಗ್ಬೇಡಿ. ನಾನೂ ನಿಮ್ಮನ್ನ ಇಷ್ಟಪಡ್ತೀನಿ... ತಪ್ಪಾಯ್ತು. ನಾಳೆಯಿಂದ ಕೆರೆಗೆ ಬನ್ನಿ. ನಾನು ಕೆಸರು ತೆಗೆಯೋದನ್ನ ಪಕ್ಕದಲ್ಲೇ ನಿಂತು ನೋಡಿ. ನೀವೂ ನನ್ನ ಮೇಲೆ ಅನುಮಾನಪಡಿ.”

“ಎಷ್ಟು ದಿನ?”

“ನಂಬಿಕೆ ಬರೋವರೆಗೂ.”

ಅವನು ಹಾಳೆ ಮಡಚಿ ಜೇಬಿಗಿಟ್ಟ. “ನಂಗೆ ಅಷ್ಟು ಬೇಗ ಬರೋ ಹಾಗೆ ಕಾಣಲ್ಲ ಕಣ್ರೀ.”

“ಬೇಗ ಬರೋದು ಬೇಡ,” ಎಂದಳು ಅವಳು.